ಹಮ್ಮಿಣಿಯ ಹುಟ್ಟು

ನಮ್ಮ ಊರಿನಲ್ಲಿ ಜೋಳ ತುಂಬುವುದನ್ನು ಚೀಲ ಅಂತಲೇ ಕರೆಯುತ್ತಾರೆ. ಸಂತೆಗೆ ಒಯ್ಯುವುದು, ಶಾಲೆಯ ಮಕ್ಕಳು ಹೆಗಲಿಗೆ ಹಾಕಿಕೊಳ್ಳುವುದು, ಎಲ್ಲವೂ ಚೀಲವೇ. ದುಡ್ಡು ಇಡುವುದಕ್ಕೆ ಮಾತ್ರ ಮನೆಗೊಂದು ಮಾತು. ಎಡಮನೆಯ ನೀಲಕ್ಕನವರಲ್ಲಿ ಅದು ಕಿಸೆ, ಬಲಮನೆಯಲ್ಲಿ ಥೈಲಿ, ಬಾವಿಯ ಪಕ್ಕದ ಬಡಿಗೇರ ಮನೆಯಲ್ಲಿ ಬಟುವೆ. ನಮ್ಮಲ್ಲಿ ಇಪ್ಪತ್ತೊಂಬತ್ತು ವರ್ಷ ಅದು ಚಂಚಿಯಾಗಿತ್ತು. ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ ಅದರ ಮುಂದೆ ನಿಂತು ಅವ್ವ "ಚಂಚಿ" ಅಂದರೆ ಕೊರಳಿನ ಗಂಟು ತಾನಾಗಿ ಸಡಿಲವಾಗುತ್ತಿತ್ತು. ಬೇರೆ ಮಾತಿನಿಂದ ಕರೆದರೆ ತನ್ನನ್ನಲ್ಲವೆಂಬಂತೆ ಸುಮ್ಮನೆ ತೂಗುತ್ತಿತ್ತು. ಹಲ್ಲಿನಿಂದ ಎಳೆದರೂ ಬಿಚ್ಚುವುದಿಲ್ಲ. ಹಿಂದೆ ಯಾರೋ ಕತ್ತರಿ ಹಾಕಿದಾಗ ಒಳಗೆ ಬರೀ ಹುಣಸೆಬೀಜ ಸಿಕ್ಕವಂತೆ, ಅಂದಿನಿಂದ ಕತ್ತರಿಯ ವಿಚಾರ ಯಾರೂ ಎತ್ತುವುದಿಲ್ಲ.

ಮಾತು ಬರುವುದು ಸೊಸೆಯ ಜೊತೆ. ಮದುವೆಯಾದ ಮೂರನೆಯ ದಿನ ಓಣಿಯ ಹೆಂಗಸರೆಲ್ಲ ಸೇರಿದ ಮೇಲೆ ಅತ್ತೆ ತನ್ನ ಚೀಲವನ್ನು ಕೊನೆಯ ಸಲ ಕರೆದು ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಸೊಸೆ ತಂದ ಹೊಸ ಚೀಲಕ್ಕೆ ಸುರಿಯುತ್ತಾಳೆ. ಸೊಸೆ ಮಣೆಯ ಮೇಲೆ ಕುಳಿತು, ತನ್ನ ಮಾತು ಯಾವುದು, ಅದು ತನಗೆ ಯಾರ ಬಾಯಿಂದ ಹೇಗೆ ಬಂತು ಎಂದು ಹೇಳಿ ಗಂಟು ಹಾಕುತ್ತಾಳೆ. ಇದಕ್ಕೆ ಹುಟ್ಟು ಹೇಳುವುದು ಅನ್ನುತ್ತಾರೆ. ಅಂದಿನಿಂದ ಅತ್ತೆಯ ಮಾತಿಗೆ ಆ ಮನೆಯಲ್ಲಿ ಜೀವವಿಲ್ಲ. ಅದನ್ನು ಬರೆಯಬಹುದು, ಬಾಯಿಬಿಟ್ಟು ಅನ್ನುವಂತಿಲ್ಲ. ಐದನೆಯ ದಿನ ಬೆಳಿಗ್ಗೆ ಸೊಸೆ ಮೊದಲ ಸಲ ಕರೆದು ಬಿಚ್ಚಬೇಕು. ಬಿಚ್ಚದಿದ್ದರೆ ಒಂಬತ್ತನೆಯ ದಿನದವರೆಗೆ ಕಾಯುತ್ತಾರೆ. ಆಗಲೂ ಆಗದಿದ್ದರೆ ಹುಡುಗಿಯ ಉಡಿ ತುಂಬಿ ಕಳಿಸಿಬಿಡುತ್ತಾರೆ. ಅವಳು ಊರ ಸೀಮೆಗಲ್ಲು ದಾಟಿದ ಗಳಿಗೆಗೆ ಅತ್ತೆಯ ಹಳೆಯ ಮಾತಿಗೆ ಮತ್ತೆ ಜೀವ ಬಂದು ಗಂಟು ಬಿಚ್ಚಿಕೊಳ್ಳುತ್ತದೆ. ನನಗೆ ತಿಳಿವಳಿಕೆ ಬಂದ ಮೇಲೆ ಹಾಗೆ ಇಬ್ಬರು ಹೋಗಿದ್ದಾರೆ. ಒಬ್ಬಳ ಮುಖ ನೆನಪಿದೆ, ಹೆಸರಿಲ್ಲ.

ಊರು ಇದಕ್ಕೆಲ್ಲ ಹೊಂದಿಕೊಂಡಿದೆ, ಒಬ್ಬರ ಮನೆಯ ಮಾತನ್ನು ಇನ್ನೊಬ್ಬರು ಬಾಯಿಬಿಟ್ಟು ಅನ್ನುವುದಿಲ್ಲ. ಪೇಟೆಯ ಚೀಲದಂಗಡಿಯ ಬೋರ್ಡಿನ ಮೇಲೆ ಅಕ್ಷರವಿಲ್ಲ, ಚಿತ್ರವಿದೆ. ಶಾಲೆಯಲ್ಲಿ ಪಾಠದ ನಡುವೆ ದುಡ್ಡಿನ ಚೀಲದ ಹೆಸರು ಬಂದರೆ ಮಾಸ್ತರರು ಕೆಮ್ಮುತ್ತಾರೆ, ಮಕ್ಕಳು ತಮ್ಮ ತಮ್ಮ ಮನೆಯ ಮಾತು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ. ಮಾಸ್ತರರಿಗೆ ನಿಜವಾಗಿ ನೆಗಡಿಯಾದ ವರ್ಷ ನಮ್ಮ ತರಗತಿಗೆ ಇಡೀ ಇತಿಹಾಸ ದುಡ್ಡಿನ ಚೀಲಗಳದ್ದೇ ಆಗಿ ಕೇಳಿಸಿತ್ತು.

ನಾನು ಹೊಳೆಯಾಚೆಯ ಕಾಲೇಜಿನಲ್ಲಿ ಮೂರು ವರ್ಷ ಓದಿದೆ. ಅಲ್ಲಿ ಹಾಸ್ಟೆಲಿನ ಬಾಗಿಲಲ್ಲಿ, ಬಸ್ಸಿನಲ್ಲಿ, ಯಾರು ಬೇಕಾದರೂ ಯಾವ ಮಾತಿನಿಂದ ಬೇಕಾದರೂ ಕರೆಯುತ್ತಿದ್ದರು, ಜಿಪ್ ಎಳೆದರೆ ಬಿಚ್ಚುತ್ತಿತ್ತು. ಮೊದಲ ತಿಂಗಳು ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಆಮೇಲೆ ಗ್ರಂಥಾಲಯದ ದಪ್ಪ ನಿಘಂಟು ಸಿಕ್ಕಿತು. ಥೈಲಿ ಎಲ್ಲಿಂದ ಬಂತು, ಕಿಸೆ ಯಾವ ನಾಡಿನಿಂದ ಹೊರಟು ಯಾವ ನಾಡು ದಾಟಿ ನಮ್ಮ ಅಂಗಿಗೆ ಬಂದು ಹೊಲಿಸಿಕೊಂಡಿತು, ಜೇಬು ಅನ್ನುವುದು ಮೊದಲು ಎದೆಯ ಮೇಲಿನ ಬಟ್ಟೆಯ ಸೀಳಾಗಿತ್ತು ಎನ್ನುವುದನ್ನೆಲ್ಲ ದಿನಚರಿಯಲ್ಲಿ ನಕಲು ಮಾಡಿಕೊಂಡೆ. ಊರಲ್ಲಿ ಬಾಯಿ ಬಿಡಲಾಗದ ಮಾತುಗಳು ಅಲ್ಲಿ ಸಾಲಾಗಿ, ಒಂದರ ಪಕ್ಕ ಒಂದು, ಜಗಳವಿಲ್ಲದೆ ಕುಳಿತಿದ್ದವು. ಓದು ಮುಗಿಸಿ ಮನೆಗೆ ಬಂದಾಗ ದಿನಚರಿ ಟ್ರಂಕಿನ ತಳ ಸೇರಿತು. ನಾನು ಮೊದಲೇ ಕಡಿಮೆ ಮಾತಿನವಳು. ಬಂದವರು "ಶಾಲ್ಮಲಾ ಕಾಲೇಜಿಗೆ ಹೋಗಿ ಇದ್ದ ಬಾಯಿನೂ ಅಲ್ಲೇ ಬಿಟ್ಟು ಬಂದಾಳ ನೋಡ್ರಿ" ಅಂತ ನಗುತ್ತಿದ್ದರು. ನಾನು ಚಹಾದ ಲೋಟ ಇಟ್ಟು ಒಳಗೆ ಹೋಗುತ್ತಿದ್ದೆ.

ನಮ್ಮಣ್ಣ ಬಸಲಿಂಗ ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ. ಹೋದ ಬೇಸಿಗೆಯಲ್ಲಿ ಎಲ್ಲೋ ಡೇರೆ ಹಾಕಿದ್ದ ನಾಟಕ ಕಂಪನಿಯೊಂದರ ಪೆಟ್ಟಿಗೆ ಸರಿಮಾಡಲು ಹೋದವನು ಮೂರು ವಾರ ಬರಲಿಲ್ಲ. ಬಂದಾಗ ಚಂಪಾವತಿಯನ್ನು ಮದುವೆಯಾಗುತ್ತೇನೆ ಅಂದ. ಅವಳ ತಾಯಿ ಕಂಪನಿಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದವಳು, ಅಲ್ಲೇ ತೀರಿಕೊಂಡಳು. ಚಂಪಾವತಿ ಬಾಲಕೃಷ್ಣನಿಂದ ಹಿಡಿದು ರಾಣಿಯವರೆಗೆ ಎಲ್ಲ ಪಾರ್ಟು ಮಾಡುತ್ತ ಬೆಳೆದಳು. ಅವ್ವ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ "ಆಕಿ ಮಾತು ಯಾವುದಂತ ಕೇಳಿಯೇನು?" ಅಂದಳು. ಅಣ್ಣ ತಲೆ ಕೆರೆದುಕೊಂಡ. ಅವನು ಅವಳಿಗೆ ಅದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದ್ದ.

ಮದುವೆಯ ಮರುದಿನ ಮಧ್ಯಾಹ್ನ ನಾನು ಕಣಜದ ಕೋಣೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ವೈನಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ವೈನಿ ಅನ್ನುತ್ತೇವೆ. ಆಗ ತಾನೇ ಮದುವೆಯಾಗಿದ್ದರಿಂದ ನನ್ನ ಬಾಯಲ್ಲಿ ಅದು ಇನ್ನೂ ಕೂತಿರಲಿಲ್ಲ. ಅವಳ ಕೈಯಲ್ಲಿ ಕೆಂಪು ಮಖಮಲ್ಲಿನ ಉದ್ದನೆಯ ಚೀಲವಿತ್ತು, ಎರಡೂ ತುದಿಗೆ ಲಾಡಿ. ಹಳೆಯ ಪರದೆಯ ತುಂಡಿನಿಂದ ಅವಳೇ ಹೊಲಿದದ್ದು.

"ಶಾಲೂ, ನಾಳೆ ನಾನು ಏನ ಹೇಳ್ಲಿ?" ಅಂದಳು.

"ನಿಮ್ಮ ಮಾತು ಹೇಳ್ರಿ ವೈನಿ."

"ಅದ ಇಲ್ಲಲ್ಲ." ಅವಳು ಜೋಳದ ರಾಶಿಯ ಪಕ್ಕ ಕೂತಳು. "ಸ್ಟೇಜಿನ ಮ್ಯಾಲೆ ಸಾವಿರ ಸಲ ಎತ್ತೀನಿ, ಒಗದೀನಿ, ಕದ್ದೀನಿ. ಮಂತ್ರಿ ಪಾರ್ಟಿದ್ದಾಗ ಥೈಲಿ, ಕಳ್ಳನ ಪಾರ್ಟಿದ್ದಾಗ ಕಿಸೆ, ಶೆಟ್ಟಿ ಪಾರ್ಟಿದ್ದಾಗ ಚೀಲ. ಒಳಗ ಯಾವತ್ತೂ ಹೆಂಚಿನ ಚೂರು. ಖರೇ ರೊಕ್ಕ ಮಾಲಕನ ಕಬ್ಬಿಣದ ಪೆಟಗ್ಯಾಗ ಇರತಿತ್ತು, ನಮಗ ಊಟ, ಬಟ್ಟಿ ಅಷ್ಟ. ಎಲ್ಲಾ ಮಾತೂ ಬರ್ತಾವ ನನಗ, ಒಂದೂ ನಂದಲ್ಲ. ನೀ ಓದಿದಾಕಿ ಅಂತ ನಿಮ್ಮಣ್ಣ ಹೇಳ್ಯಾನ. ಈ ಊರಾಗ ಯಾರ ಮನ್ಯಾಗೂ ಇಲ್ಲದ್ದು ಒಂದು ಕೊಡು."

ನನಗೆ ಯಾರಾದರೂ ಏನನ್ನಾದರೂ ಕೇಳಿ ಎಷ್ಟು ದಿನವಾಗಿತ್ತೋ! ಮೊರ ಕೆಳಗಿಟ್ಟು ಓಡಿಹೋಗಿ ಟ್ರಂಕಿನ ತಳದಿಂದ ದಿನಚರಿ ತಂದೆ. ಪುಟ ತಿರುವುತ್ತ ಅವಳ ಕೈಯ ಉದ್ದನೆಯ ಚೀಲ ನೋಡಿದೆ. "ಹಮ್ಮಿಣಿ" ಅಂದೆ. ಅಂದ ಮೇಲೆ ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ನಡುವಿಗೆ ಸುತ್ತಿಕೊಳ್ಳುವ ಉದ್ದನೆಯ ಹಣದ ಚೀಲ. ಪಾರಸಿ ಮಾತಿನಿಂದ ಬಂದದ್ದು. ಬರೆದುಕೊಂಡದ್ದು ಅಷ್ಟೇ, ಎರಡು ಸಾಲು.

"ಹಮ್ಮಿಣಿ," ಅಂದಳು ವೈನಿ. ಇನ್ನೊಮ್ಮೆ ಅಂದಳು. "ಚಲೋ ಐತಿ. ಬಾಯಿ ಮುಚ್ಚಿ ತಗದಂಗ ಆಗತೈತಿ. ಪಾರಸಿ ಅಂದ್ರ ಕುದರಿ ವ್ಯಾಪಾರದವರ?"

"ಇರಬಹುದು" ಅಂದೆ. ನಾನು ಮಾಡಿದ ತಪ್ಪು ಇಷ್ಟೇ. ನಮ್ಮ ಊರಿನವರಿಗೆ ಹುಟ್ಟು ಅಂದರೆ ಒಂದು ಬಾಯಿ. ನಿಘಂಟಿನವರಿಗೆ ಹುಟ್ಟು ಅಂದರೆ ಒಂದು ದೇಶ. ಎರಡೂ ಒಂದೇ ಅಂತ ಅಂದುಕೊಂಡುಬಿಟ್ಟೆ.

ಮಾರನೆಯ ದಿನ ಪಡಸಾಲೆ ತುಂಬಿತ್ತು. ಓಣಿಯ ಹಿರಿಯಳಾದ ತಿಪ್ಪವ್ವಜ್ಜಿ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ನೂರಕ್ಕಿಂತ ಹೆಚ್ಚು ಹುಟ್ಟು ಕೇಳಿದವಳು ಅವಳು, ನಡುನಡುವೆ ತೂಕಡಿಸುವುದೂ ಉಂಟು. ಸಾಮಾನ್ಯವಾಗಿ ಹುಟ್ಟು ಹೇಳುವುದು ಸಣ್ಣ ಕೆಲಸ. "ನಮ್ಮಜ್ಜಿ ಅಂತಿದ್ಲು, ಹಬ್ಬಕ್ಕ ಎರಡು ರೂಪಾಯಿ ಕೊಡೂ ಮುಂದ" ಅಂತ ಹುಡುಗಿ ಸೆರಗು ಸುತ್ತುತ್ತ ಹೇಳುತ್ತಾಳೆ, ಎಲ್ಲರೂ ಅರಿಶಿನ ಕುಂಕುಮ ತೆಗೆದುಕೊಂಡು ಏಳುತ್ತಾರೆ. ಅವ್ವ ಗೂಟದಿಂದ ತನ್ನ ಚೀಲ ತೆಗೆದಳು. "ಚಂಚಿ" ಅಂದಳು, ಯಾವತ್ತೂ ಅಂದದ್ದಕ್ಕಿಂತ ಮೆಲ್ಲಗೆ. ಬಿಚ್ಚಿತು. ಮನೆಯಲ್ಲಿದ್ದ ಅಷ್ಟೂ ದುಡ್ಡು, ಕಿವಿಯೋಲೆಯ ಜೋಡಿ, ಅಪ್ಪ ಬದುಕಿದ್ದಾಗಿನ ಒಂದು ಉಂಗುರ, ಎಲ್ಲ ಮಖಮಲ್ಲಿನೊಳಗೆ ಸುರಿಯಿತು. ಬರಿದಾದ ಚೀಲವನ್ನು ನಾಲ್ಕಾಗಿ ಮಡಿಚಿ ಮೊಣಕಾಲ ಕೆಳಗೆ ಇಟ್ಟುಕೊಂಡಳು.

ವೈನಿ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿ ತೆರೆದಳು. ಅಷ್ಟರಲ್ಲಿ ನಮ್ಮ ಪಡಸಾಲೆ ಪಡಸಾಲೆಯಾಗಿ ಉಳಿಯಲಿಲ್ಲ. ದೂರದ ಮರಳುಗಾಡಿನಿಂದ ಕುದುರೆಗಳು ಹೊರಟವು. ಅವುಗಳ ಬಾಯಲ್ಲಿ ನೊರೆ. ಬೆಟ್ಟ ದಾಟಿದವು, ಹೊಳೆ ದಾಟಿದವು. ಒಬ್ಬ ಸವಾರ ಹಿಂದುಳಿದ. ಬಾಯಾರಿ, ಗಾಯವಾಗಿ, ಒಂದು ಬಾವಿಯ ಕಟ್ಟೆಗೆ ಬಂದು ಬಿದ್ದ. ನೀರು ಸೇದುತ್ತಿದ್ದ ಹುಡುಗಿ ವೈನಿಯ ಅಜ್ಜಿಯ ಅಜ್ಜಿ. ಬೊಗಸೆಯಲ್ಲಿ ನೀರು ಕೊಟ್ಟಳು. ಅವನು ನಡುವಿನಿಂದ ಉದ್ದನೆಯ ಚೀಲ ಬಿಚ್ಚಿ ಅವಳ ಕೈಗಿಟ್ಟು, ಉಸಿರು ನಿಲ್ಲುವ ಮುಂಚೆ ಒಂದೇ ಮಾತು ಅಂದ. "ಹಮ್ಮಿಣಿ!" ವೈನಿ ಆ ಮಾತನ್ನು ಸಾಯುವವನ ದನಿಯಲ್ಲಿಯೇ ಅಂದು ಗಂಟು ಬಿಗಿದಳು. ಬಡಿಗೇರ ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. ಯಾರೋ "ಕುದರಿ ಹೊಳಿ ದಾಟಿದ್ದು ಇನ್ನೊಮ್ಮೆ ಹೇಳವಾ" ಅಂದರು. ವೈನಿ ಹೇಳಿದಳು. ತಿಪ್ಪವ್ವಜ್ಜಿ ಒಂದು ಸಲವೂ ತೂಕಡಿಸಲಿಲ್ಲ. ನೀಲಕ್ಕ ನನ್ನ ಕಿವಿಯಲ್ಲಿ "ನಿಮ್ಮ ಮನಿಗೆ ಸೊಸಿ ಬಂದಾಳೋ, ಆಟ ಬಂದೈತೋ!" ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ನಾನು ಕದದ ಹಿಂದೆ ನಿಂತು ಖುಷಿಯಿಂದ ನಡುಗುತ್ತಿದ್ದೆ. ನನ್ನ ಎರಡು ಸಾಲು ಇಷ್ಟು ದೊಡ್ಡದಾಗುತ್ತದೆ ಅಂತ ನನಗೆಲ್ಲಿ ಗೊತ್ತಿತ್ತು.

ಐದನೆಯ ದಿನ ಬೆಳಿಗ್ಗೆ ವೈನಿ ತಲೆಗೆ ನೀರು ಹಾಕಿಕೊಂಡು ಗೂಟದ ಮುಂದೆ ನಿಂತು ಕರೆದಳು. ಚೀಲ ತೂಗುತ್ತಿತ್ತು. ಮತ್ತೆ ಕರೆದಳು. ಅವ್ವ "ಗಂಟಲ ಕಟ್ಟಿರಬೇಕು, ಬಿಸಿನೀರು ಕುಡದು ಕರಿ" ಅಂದಳು. ಮಧ್ಯಾಹ್ನ ಕರೆದಳು, ಸಂಜೆ ಕರೆದಳು. ಗಂಟು ಮೂರನೆಯ ದಿನ ಹೇಗಿತ್ತೋ ಹಾಗೆಯೇ ಇತ್ತು.

ಆರನೆಯ ದಿನ ಓಣಿಗೆಲ್ಲ ಗೊತ್ತಾಯಿತು. ನೀಲಕ್ಕ ಮೊಸರಿಗೆ ಹೆಪ್ಪು ಕೇಳುವ ನೆವದಲ್ಲಿ ಬಂದು ಗೂಟದ ಕಡೆ ನೋಡಿದಳು. "ಕುದರಿ ಇನ್ನೂ ಹೊಳಿ ದಾಟಿಲ್ಲೇನ?" ಅಂದಳು. ಅವ್ವ ಹೆಪ್ಪು ಕೊಟ್ಟು ಒಲೆಯ ಕಡೆ ತಿರುಗಿದಳು. ಅಂದು ಎಣ್ಣೆ ಮುಗಿಯಿತು. ಏಳನೆಯ ದಿನ ಬೇಳೆ ಮುಗಿದು ಬರೀ ಖಾರ, ರೊಟ್ಟಿ. ಜೋಳವಿದ್ದರೂ ಗಿರಣಿಗೆ ಕೊಡಲು ದುಡ್ಡಿಲ್ಲ, ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿದರೆ ಉಗುರಿಗೆ ತಳ ತಾಗುತ್ತಿತ್ತು, ಆ ಸದ್ದಿಗೆ ಪಡಸಾಲೆಯಲ್ಲಿದ್ದ ಅಣ್ಣ ತಲೆ ಎತ್ತುತ್ತಿದ್ದ. ಅವನು ಒಂದು ಹಾರ್ಮೋನಿಯಂ ಬಿಚ್ಚಿ ಹಾಕಿಕೊಂಡು ಕೂತವನು ಅದನ್ನು ಕೂಡಿಸಲೇ ಇಲ್ಲ.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೀರು ತರಲು ಹೋಗಿ ಬರಿಗೈಯಲ್ಲಿ ಬಂದೆ. ಗುಡಿಸಿದ್ದನ್ನೇ ಗುಡಿಸಿದೆ. ಹಿತ್ತಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ. ಪ್ರತಿ ಸಲ ಹಾಯುವಾಗ ಆ ಕೆಂಪು ಚೀಲ ನನ್ನ ಕಡೆ ತಿರುಗುತ್ತಿದೆ ಅನ್ನಿಸುತ್ತಿತ್ತು. ಹೇಳಿಬಿಡಬೇಕು ಅಂತ ಅವ್ವನ ಮುಂದೆ ಹೋಗಿ ನಿಲ್ಲುವುದು, ಅವಳು "ಏನವಾ?" ಅನ್ನುವುದು, ನಾನು "ಉಪ್ಪು ಎಲ್ಲೈತಿ?" ಅನ್ನುವುದು. ಎರಡು ದಿನದಲ್ಲಿ ನಾಲ್ಕು ಸಲ ಉಪ್ಪು ಕೇಳಿದೆ. ದಿನಚರಿಯಲ್ಲಿ ಮಾತ್ರ ಎಲ್ಲ ಹೇಳುತ್ತಿದ್ದೆ, ಪುಟಗಟ್ಟಲೆ. ಬರೆದ ಮೇಲೆ ಹೇಳಿಯೇ ಬಿಟ್ಟೆನೇನೋ ಅನ್ನುವ ಸುಳ್ಳು ಸಮಾಧಾನ. ಮತ್ತೆ ಹಿತ್ತಲಿಗೆ ಹೋದರೆ ಅದೂ ಇಲ್ಲ.

ಏಳನೆಯ ದಿನ ಸಂಜೆ ಅಣ್ಣ ಅವ್ವನ ಮೇಲೆ ಕೂಗಾಡಿದ. "ಆಕಿನ್ನ ಹೊರಗ ಹಾಕಿದ್ರ ನಾನೂ ಹೊಂಟೆ, ನೋಡು."

"ನಾ ಯಾಕ ಹಾಕ್ಲೋ?" ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ನಾ ಹಾಕಾಕತ್ತಿಲ್ಲ. ಗಂಟ ಹಾಕಾಕತ್ತೈತಿ. ನಂದಿದ್ದದ್ದನ್ನ ಕೊಟ್ಟು ಕೂತೀನಿ, ಬಾಯಾಗ ಬಂದದ್ದನ್ನ ನುಂಗಿ ನುಂಗಿ ಗಂಟಲ ನೋಯ್ತದ. ನಾಲ್ಕು ಮಂದಿ ಹೊಟ್ಟಿ ಐತಿ ಇಲ್ಲೆ. ಹೋಗ್ತಿ ಅಂದ್ರ ಹೋಗಪ್ಪಾ. ಆಕಿ ಸೀಮಿ ದಾಟಿದ ಮ್ಯಾಲೆ ಬಿಚ್ಚಿ ನಿನ್ನ ಪಾಲು ಕಳಸ್ತೀನಿ."

ಎಂಟನೆಯ ದಿನ ವೈನಿ ತನ್ನ ಪೆಟ್ಟಿಗೆಗೆ ಬಟ್ಟೆ ಮಡಿಚಿಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ವೈನಿ, ನಾನು ಹೇಳತೀನಿ. ಮಾತು ನಾ ಕೊಟ್ಟಿದ್ದು ಅಂತ."

"ಹುಚ್ಚಿ." ಅವಳು ತಲೆ ಎತ್ತದೆ ಅಂದಳು. "ಮುಂದಿನ ವಾರ ನಿನ್ನ ನೋಡಾಕ ಬರೋರು ಅದಾರ. ತನ್ನ ಮನಿ ಕಾಣೂಕಿಂತ ಮೊದಲ ಮಾತು ಕೊಟ್ಟಾಕಿ ಅಂದ್ರ ಈ ಊರಾಗ ಏನಂತಾರ?"

ನನಗೆ ಗೊತ್ತಿತ್ತು. ಮಾತು ಸೋರುವವಳು ಅನ್ನುತ್ತಾರೆ. ಸೋರುವ ಕೊಡವನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

"ನಾ ಎಲ್ಲೆರ ಇನ್ನೊಂದು ಪಾರ್ಟು ಮಾಡ್ತೀನಿ. ರೂಢಿ ಐತಿ ನನಗ." ಅವಳು ನಕ್ಕಳು. ಆ ನಗು ಯಾವ ನಾಟಕದ್ದೋ ತಿಳಿಯಲಿಲ್ಲ. "ಒಂದ ಮಾತು ಶಾಲೂ. ಈ ಎಂಟು ದಿನದಾಗ ಇದು ಪಾರ್ಟು ಅಂತ ನನಗ ಒಮ್ಮೆ ಮರತಿತ್ತು. ನಿಮ್ಮವ್ವ ನನಗ ರೊಟ್ಟಿ ಬಡಿಯೂದು ಕಲಸೂ ಮುಂದ."

ಒಂಬತ್ತನೆಯ ದಿನ ಬೆಳಿಗ್ಗೆ ಮತ್ತೆ ಪಡಸಾಲೆ ತುಂಬಿತು. ಈ ಸಲ ಯಾರೂ ಕುದುರೆಯ ಮಾತು ಎತ್ತಲಿಲ್ಲ. ಬಾಗಿಲ ಬಳಿ ವೈನಿಯ ಪೆಟ್ಟಿಗೆ, ಅದರ ಪಕ್ಕ ಅಣ್ಣನ ಉಪಕರಣದ ಡಬ್ಬಿ. ಅವ್ವ ಚೀಲವನ್ನು ತಂದು ತಾಟಿನಲ್ಲಿ ಇಟ್ಟಳು. ತಿಪ್ಪವ್ವಜ್ಜಿ "ಕರಿಯವಾ, ಮೂರು ಸಲ" ಅಂದಳು. ವೈನಿ ರಾಣಿಯ ದನಿಯಲ್ಲಿ ಕರೆದಳು. ಬೇಡುವವಳ ದನಿಯಲ್ಲಿ ಕರೆದಳು. ಮೂರನೆಯದು ತಾಯಿ ಮಗುವನ್ನು ಕರೆದಂತಿತ್ತು, ಅದನ್ನು ಕೇಳಿ ಹೊರಗೆ ಆಡುತ್ತಿದ್ದ ಯಾರದೋ ಕೂಸು ಬಾಗಿಲಿಗೆ ಬಂದು ಇಣುಕಿತು. ಚೀಲ ಅಲುಗಲಿಲ್ಲ.

ಅವ್ವ ಎದ್ದು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ತಂದಳು. ಅಕ್ಕಿ ನೀಲಕ್ಕನ ಮನೆಯದು, ನಮ್ಮಲ್ಲಿ ಇರಲಿಲ್ಲ. ವೈನಿ ಸೆರಗು ಒಡ್ಡಿದಳು. ಮೊದಲ ಹಿಡಿ ಅಕ್ಕಿ ಸೆರಗಿಗೆ ಬಿದ್ದಾಗ ಒಂದಷ್ಟು ಕಾಳು ನೆಲಕ್ಕೆ ಚೆಲ್ಲಿದವು.

"ಅದು ಆಕಿದಲ್ಲ" ಅಂದೆ.

ಯಾರಿಗೂ ಕೇಳಿಸಲಿಲ್ಲ. ಅವ್ವ ಎರಡನೆಯ ಹಿಡಿ ತುಂಬಿಕೊಂಡಳು. ಜೀವನದಲ್ಲಿ ಒಂದು ಸಲ ಧೈರ್ಯ ಮಾಡುವುದೇ ಕಷ್ಟ, ಅದನ್ನೇ ಎರಡು ಸಲ ಮಾಡಬೇಕಾಗುತ್ತದೆ ಅಂತ ಎಲ್ಲೂ ಬರೆದಿರಲಿಲ್ಲ. ಕದದ ಹಿಂದಿನಿಂದ ಹೊರಗೆ ಬಂದೆ. "ಅದು ಆಕಿದಲ್ಲ! ನಾ ಕೊಟ್ಟಿದ್ದು. ಕಣಜದ ಕ್ವಾಣ್ಯಾಗ. ಕುದರಿ ಇಲ್ಲ, ಬಾವಿ ಇಲ್ಲ, ಏನೂ ಇಲ್ಲ."

ಅಷ್ಟೂ ತಲೆಗಳು ತಿರುಗಿದವು. ನೀಲಕ್ಕನೇ ಮೊದಲು ಬಾಯಿ ತೆರೆದಳು. "ಅಯ್ಯ ಶಿವನ! ಮೂಕಿ ಅಂದ್ಕೊಂಡ್ರ ಸೋರೋಕಿ ಆದ್ಲಲ್ಲವಾ. ಆ ಸಂಬಂಧ ಮುರೀತು ಅಂತ ತಿಳಕೊಳ್ರಿ."

ವೈನಿ "ಹುಡುಗಿ ನನ್ನ ಉಳಸಾಕ ಸುಳ್ಳ ಹೇಳಾಕತ್ತಾಳ" ಅಂದಳು. ಎಷ್ಟು ಚೆನ್ನಾಗಿ ಅಂದಳೆಂದರೆ ನನಗೇ ಅನುಮಾನ ಬಂತು. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ನಾಕು ಸಲ ಉಪ್ಪು ಕೇಳಿದಿ," ಅಂದಳು. ಹಿಡಿಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಹಾಕಿದಳು.

ತಿಪ್ಪವ್ವಜ್ಜಿ ಕಾಲು ಮಡಿಚಿ ನೆಟ್ಟಗೆ ಕೂತಳು. "ಚಂಪಾವತಿ, ಹುಟ್ಟು ಮತ್ತೊಮ್ಮೆ ಹೇಳು. ನಾಟಕ ಬ್ಯಾಡ. ಸುಮ್ಮ ಹೇಳು."

ವೈನಿ ಸೆರಗಿನ ಅಕ್ಕಿ ಹಿಡಿದುಕೊಂಡೇ ನಿಂತಿದ್ದಳು. ಯಾವ ದನಿಯಲ್ಲಿ ಮಾತಾಡಬೇಕೆಂದು ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ಕೊನೆಗೆ ಬಂದದ್ದು ಒಡಕು ದನಿ, ನಾವ್ಯಾರೂ ಕೇಳಿರದಂಥದ್ದು. "ಈ ಮನ್ಯಾಗ. ಮದುವಿ ಮರುದಿನ. ಶಾಲೂ ಜ್ವಾಳ ಹಸನ ಮಾಡತಿದ್ಲು. ನನಗೇನೂ ಇಲ್ಲ, ಒಂದು ಕೊಡು ಅಂದೆ. ಓಡಿ ಹೋಗಿ ತಂದ್ಲು. ಹಮ್ಮಿಣಿ ಅಂದ್ಲು. ನಾನೂ ಅಂದೆ. ಅಷ್ಟ."

ತಾಟಿನಲ್ಲಿದ್ದ ಗಂಟು ಒಂದು ಎಳೆಯಷ್ಟು ಜಾರಿತು. ಜಾರಿದ್ದು ಅಲ್ಲಿಗೇ ನಿಂತಿತು. ಒಂದು ಬೆರಳೂ ಹೋಗದಷ್ಟು ಸಂದು.

"ಅರ್ಧ ಬಂತು" ಅಂದಳು ತಿಪ್ಪವ್ವಜ್ಜಿ. ಆಮೇಲೆ ನನ್ನ ಕಡೆ ತಿರುಗಿದಳು. "ಆಕಿಗೆ ನೀ ಕೊಟ್ಟಿ. ನಿನಗ ಯಾರು ಕೊಟ್ರು?"

"ಪುಸ್ತಕ."

"ಪುಸ್ತಕಕ್ಕ ಬಾಯಿ ಎಲ್ಲೈತವಾ?" ಅಂತ ನೀಲಕ್ಕ ನಕ್ಕಳು, ಇನ್ನಿಬ್ಬರೂ ನಕ್ಕರು. ತಿಪ್ಪವ್ವಜ್ಜಿ ನಗಲಿಲ್ಲ. "ಕಾಲೇಜಿನ್ಯಾಗ ಓದಿದ್ದು ಖರೆ. ಓದಿದ ಮ್ಯಾಲೆ ಯಾರರ ಅಂದಿರಬೇಕಲ್ಲ? ನಿನ್ನ ಗೆಳತ್ಯಾರು, ಮಾಸ್ತರು, ಯಾರರ? ಯಾರ ಬಾಯಾಗ ಕೇಳಿದಿ? ನೆನಪ ಮಾಡಕೋ."

ನೆನಪು ಮಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆ ಗಳಿಗೆಯಲ್ಲಿ ಯಾವುದಾದರೂ ಹೆಸರು ಹೇಳಿಬಿಡಬಹುದಿತ್ತು. ಮೂರು ವರ್ಷ ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ ಹೆಸರುಗಳು ನಾಲಿಗೆಯ ತುದಿಯಲ್ಲೇ ಇದ್ದವು: ಸುಹಾಸಿನಿ, ಮೀನಾಕುಮಾರಿ, ಹಾಸ್ಟೆಲಿನ ಪಕ್ಕದ ಕೋಣೆಯ ದಾಕ್ಷಾಯಿಣಿ. ಸಂದು ಮತ್ತೆ ಮುಚ್ಚುತ್ತಿರುವಂತೆ ಕಂಡಿತು.

"ಯಾರೂ ಅಂದಿಲ್ಲ" ಅಂದೆ. "ಅಲ್ಲೆ ನನ್ನ ಕೂಡ ಯಾರೂ ಮಾತಾಡತಿರಲಿಲ್ಲಜ್ಜಿ. ನಾನೂ ಆಡತಿರಲಿಲ್ಲ. ಗೆಳತ್ಯಾರು ಅಂತ ಹೇಳಿದ್ದು ಎಲ್ಲಾ ಸುಳ್ಳು. ಊಟದ ಹೊತ್ತಿನ್ಯಾಗ ಎಲ್ಲಿ ಕುಂದ್ರಬೇಕಂತ ತಿಳೀದ ಗ್ರಂಥಾಲಯಕ್ಕ ಹೋಗಿ ನಿಘಂಟು ತೆಗೀತಿದ್ದೆ. ಓದತಿರೋರನ್ನ ಯಾರೂ ಒಬ್ಬಾಕಿ ಅದೀ ಅಂತ ಅನ್ನೂದಿಲ್ಲ, ಅದಕ್ಕ. ಅಲ್ಲೆ ಈ ಮಾತು ಸಿಕ್ತು. ಚಂದ ಅನಿಸ್ತು. ಯಾರಿಗರ ಹೇಳಬೇಕು ಅನಿಸ್ತು. ಹೇಳಾಕ ಯಾರೂ ಇರಲಿಲ್ಲ. ಬರದು ಮುಚ್ಚಿಟ್ಟೆ. ನನ್ನ ಬಾಯಾಗೂ ಅದು ಬಂದಿದ್ದು ಮೊದಲನೇ ಸಲ ಕಣಜದ ಕ್ವಾಣ್ಯಾಗನ. ವೈನಿ ಕೇಳಿದ್ಲು ಅಂತ ಬಂತು. ಆಮ್ಯಾಲೆ ವೈನಿ ಅಂದ್ಲು. ಇನ್ನೊಬ್ಬರ ಬಾಯಾಗ ನಾ ಕೇಳಿದ್ದು ಅದ ಮೊದಲು."

ನೀಲಕ್ಕ ಬಾಯಿಗೆ ಸೆರಗು ಹಿಡಿದುಕೊಂಡಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಚೆಲ್ಲಿದ್ದ ಅಕ್ಕಿಕಾಳು ನೋಡುತ್ತಿದ್ದೆ. ಇಷ್ಟು ದಿನ ನನ್ನ ಬಾಯಿ ಕಟ್ಟಿದ್ದು ಮಾತು ಕೊಟ್ಟೆನೆಂಬ ಹೆದರಿಕೆಯಲ್ಲ, ಅಲ್ಲಿ ನನಗೆ ಯಾರೂ ಇರಲಿಲ್ಲವೆಂಬ ಈ ನಾಚಿಕೆ, ಅಂತ ನನಗೇ ಆಗ ಗೊತ್ತಾಯಿತು.

"ಕರಿ," ಅಂದಳು ತಿಪ್ಪವ್ವಜ್ಜಿ ವೈನಿಗೆ.

ವೈನಿ ಚೀಲದ ಕಡೆ ತಿರುಗಲಿಲ್ಲ. ನನ್ನ ಕಡೆ ನೋಡಿಕೊಂಡೇ, ಪಕ್ಕದಲ್ಲಿದ್ದವರಿಗಷ್ಟೇ ಕೇಳುವಂತೆ, "ಹಮ್ಮಿಣಿ" ಅಂದಳು. ತಾಟಿನ ಮೇಲೆ ಲಾಡಿ ಬಿದ್ದ ಸದ್ದು ಕೇಳಿಸಿತು. ನಾವು ನೋಡುವಷ್ಟರಲ್ಲಿ ಮಖಮಲ್ಲಿನ ಚೀಲದ ಬಾಯಿ ಪೂರ್ತಿ ತೆರೆದು, ಅಪ್ಪನ ಉಂಗುರ ಹೊರಗೆ ಉರುಳಿ ತಾಟಿನ ಅಂಚಿಗೆ ತಾಗಿ ನಿಂತಿತ್ತು.

ಹೆಂಗಸರು ಕುಂಕುಮ ತೆಗೆದುಕೊಂಡು ಒಬ್ಬೊಬ್ಬರಾಗಿ ಎದ್ದರು. ಹೋಗುವಾಗ ತಿಪ್ಪವ್ವಜ್ಜಿ ನನ್ನ ಗದ್ದ ಹಿಡಿದು "ಸಣ್ಣ ಹುಟ್ಟು. ಆದ್ರೂ ಹುಟ್ಟು" ಅಂದಳು. ನೀಲಕ್ಕ ತನ್ನ ಅಕ್ಕಿಯನ್ನು ವಾಪಸು ಕೇಳಲಿಲ್ಲ. ಅಣ್ಣ ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡು ಹೋಗಿ, ಹೊರಗೆ ಬಂದು, ಬಿಚ್ಚಿ ಹಾಕಿದ್ದ ಹಾರ್ಮೋನಿಯಂ ಮುಂದೆ ಕೂತು ತಿದಿ ಒತ್ತಿದ. ಅದು ದನದಂತೆ ಕೂಗಿತು.

ಅವ್ವ ನೆಲದ ಅಕ್ಕಿ ಆರಿಸುತ್ತಿದ್ದಳು. ನಾನೂ ಹೋಗಿ ಕೂತು ಆರಿಸತೊಡಗಿದೆ. ಬೈಯುತ್ತಾಳೆ ಅಂತ ಕಾದೆ. ಅವಳು ತಲೆ ಎತ್ತದೆ ಕೇಳಿದಳು.

"ಪ್ರತಿ ಸಲ ಗೆಳತ್ಯಾರಿಗೂ ಸೇರಿಸಿ ಶೇಂಗಾದ ಉಂಡಿ ಕಟ್ಟಿ ಕೊಡತಿದ್ದೆ. ಒಂದ ಡಬ್ಬಿ ತುಂಬ. ಅಷ್ಟೂ ಒಬ್ಬಾಕಿನ ತಿಂದೇನ?"

"ಹೂಂ."

"ಎಲ್ಲೆ ಕುಂತು?"

"ಕಿಟಕಿ ಹತ್ರ."

ಅವ್ವ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ ಮೂಗು ಒರೆಸಿಕೊಂಡಳು. ಆಮೇಲೆ ದೊಡ್ಡ ದನಿಯಲ್ಲಿ, ಒಳಗಿದ್ದ ಸೊಸೆಗೆ ಕೇಳುವಂತೆ, "ಚಂಪಾ, ಪ್ಯಾಟಿಗೆ ಹೋಗಿ ಶೇಂಗಾ, ಬೆಲ್ಲ ತರಬೇಕು. ಆ ಇದನ್ನ ತಗೊಂಡು ಬಾ, ಆ..." ಅಂದು ನಿಂತಳು. ಇಪ್ಪತ್ತೊಂಬತ್ತು ವರ್ಷದ ಮಾತು ಗಂಟಲಿಗೆ ಬಂದದ್ದು, ಅದನ್ನು ಅವಳು ನುಂಗಿದ್ದು ನನಗೆ ಕಾಣಿಸಿತು. ನಾನು ಹೇಳಿಕೊಡಲು ಬಾಯಿ ತೆರೆದೆ. ಕೈ ಎತ್ತಿ ತಡೆದಳು.

"ಹಮ್..." ಅಂದಳು. ಬಿಸಿ ತುತ್ತನ್ನು ಬಾಯಲ್ಲಿ ಹೊರಳಿಸುವಂತೆ ಹೊರಳಿಸಿದಳು. "ಹಮ್ಮಣಿ. ಅಲ್ಲ. ಹಮ್ಮಿಣಿ. ಏನ ಮಾತು ತಂದೀರಿ ಇಬ್ಬರೂ ಸೇರಿ, ನಾಲಿಗಿ ತಿರಗವಲ್ದು" ಅಂದಳು. ಅಂದು, ಇನ್ನೊಂದು ಸಲ ಅಂದಳು.